ಬಸುರಿ ಕುಂಟಿದಾಗ

ಬಸುರಿ ಹೆಂಗಸಿಗೆ ನಡ ನೋಯುವುದು ಸಹಜ. ಅವಳು ಕುಂಟುವುದು ಸಹಜವಲ್ಲ. ಇವೆರಡೂ ಒಂದೇ ಎಂದು ಸುಮ್ಮನಾದ ಕಡೆಯಲ್ಲಿ ಒಂದು ಅಪರೂಪದ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಬಲಿಯುತ್ತದೆ. ಇಪ್ಪತ್ತೈದರ ಹೆಣ್ಣುಮಗಳ ತೊಡೆಯ ಎಲುಬು ಎಪ್ಪತ್ತೈದರ ಮುದುಕಿಯ ಎಲುಬಿನ ಹಾಗೆ, ಜಾರಿ ಬೀಳದೆಯೇ, ಬರೀ ನಡೆಯುವಾಗ ಮುರಿದುಹೋಗುವುದೂ ಉಂಟು.

ವಿಜಯಪುರದ ಪಶ್ಚಿಮಕ್ಕೆ ತಿಕೋಟಾ ತಾಲ್ಲೂಕು. ಅಲ್ಲಿನ ಘೋಣಸಗಿ, ಹೊನವಾಡ, ಬಿಜ್ಜರಗಿಯಂಥ ಊರುಗಳಲ್ಲಿ ಬಸುರಿಗೆ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಹೆರಿಗೆಗೆ ತವರಿಗೆ ಕರೆದೊಯ್ಯುತ್ತಾರೆ. "ನಡಾ ಹಿಡದೈತಿ" ಎಂದು ಅವಳು ಅಂದರೆ "ಹಡದ ಮ್ಯಾಲ ಹೋಗತೈತಿ ತಗಿ" ಎನ್ನುವುದು ಹಿರಿಯರ ರೂಢಿ. ಬಹಳಷ್ಟು ಸಲ ಅವರ ಮಾತೇ ನಿಜ. ಹೊಟ್ಟೆ ಮುಂದೆ ಬಂದಂತೆ ಬೆನ್ನು ಹಿಂದಕ್ಕೆ ಬಾಗುತ್ತದೆ, ಹಾರ್ಮೋನುಗಳ ಪ್ರಭಾವದಿಂದ ಚಪ್ಪಿ ಎಲುಬುಗಳ ಕಟ್ಟುಗಳು ಸಡಿಲಗೊಳ್ಳುತ್ತವೆ, ಸ್ನಾಯುಗಳು ದಣಿಯುತ್ತವೆ. ಈ ನೋವು ಬೆನ್ನಿನ ಕೆಳಗೆ, ಪಿರ್ರೆಯ ಮೇಲ್ಭಾಗದಲ್ಲಿ ಇರುತ್ತದೆ. ಹೊರಳಿ ಮಲಗಿದಾಗ, ಎದ್ದು ಕೂತಾಗ ಹೆಚ್ಚುತ್ತದೆ, ಹೆರಿಗೆಯ ನಂತರ ಇಳಿಯುತ್ತದೆ.

ನಾನು ಹೇಳಹೊರಟಿರುವ ನೋವು ಮುಂಭಾಗದ್ದು. ತೊಡೆಸಂದಿನ ಆಳದಲ್ಲಿ ಹುಟ್ಟಿ ತೊಡೆಯ ಮುಂದುಗಡೆಯಿಂದ ಮೊಣಕಾಲಿನತ್ತ ಇಳಿಯುವಂಥದ್ದು. ಕಾಲು ಊರಿದರೆ ಚುಚ್ಚುತ್ತದೆ, ಮಲಗಿದರೆ ಬಿಡುತ್ತದೆ. ಸಾಮಾನ್ಯವಾಗಿ ಏಳನೆಯ ತಿಂಗಳಿನ ಆಚೆಗೆ ಶುರುವಾಗಿ ಒಂದೆರಡು ವಾರದಲ್ಲಿ ನಡಿಗೆಯನ್ನೇ ಬದಲಿಸಿಬಿಡುತ್ತದೆ.

ತೊಡೆಯ ಎಲುಬು ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಉದ್ದವಾದ, ಗಟ್ಟಿಯಾದ ಎಲುಬು. ಆದರೆ ಅದರ ಮೇಲ್ತುದಿ ನೇರವಾಗಿಲ್ಲ. ಓರೆಯಾಗಿ ಒಳಕ್ಕೆ ತಿರುಗಿ, ಸಣ್ಣದೊಂದು ಕತ್ತಾಗಿ, ಆ ಕತ್ತಿನ ತುದಿಯಲ್ಲಿ ಗುಂಡು ಇದ್ದು, ಆ ಗುಂಡು ಚಪ್ಪಿ ಎಲುಬಿನ ಬಟ್ಟಲಲ್ಲಿ ಕೂತಿದೆ. ನಾವು ನಾಲ್ಕೂ ದಿಕ್ಕಿಗೆ ಕಾಲು ಆಡಿಸಬಲ್ಲೆವು ಎಂದರೆ ಈ ರಚನೆಯಿಂದಲೇ. ಅದಕ್ಕೆ ತೆರುವ ಬೆಲೆಯೂ ದೊಡ್ಡದು. ಒಂಟಿಕಾಲಿನ ಮೇಲೆ ನಿಂತಾಗ ಆ ಕೀಲಿನ ಮೇಲೆ ಬೀಳುವ ಭಾರ ಮೈತೂಕದ ಎರಡೂವರೆಯಿಂದ ಮೂರು ಪಟ್ಟು. ಪ್ರತಿ ಹೆಜ್ಜೆಯಲ್ಲೂ ಒಂದು ಕ್ಷಣ ನಾವು ಒಂಟಿಕಾಲಿನವರೇ. ಎಡವಿದಾಗ ಅದು ಏಳೆಂಟು ಪಟ್ಟಿಗೆ ಏರುವುದನ್ನು ಕೃತಕ ಕೀಲಿನೊಳಗೆ ಅಳತೆಯ ಸಾಧನ ಇಟ್ಟು ಬರ್ಲಿನ್ನಿನ ಸಂಶೋಧಕರು ತೋರಿಸಿದ್ದಾರೆ. ಐವತ್ತೈದು ಕಿಲೋ ಹೆಂಗಸು ಬಸಿರಿನಲ್ಲಿ ಹತ್ತು ಕಿಲೋ ಕೂಡಿಸಿಕೊಂಡರೆ, ಅವಳ ಪ್ರತಿ ಹೆಜ್ಜೆಗೂ ಆ ಸಣ್ಣ ಕತ್ತಿನ ಮೇಲೆ ಹತ್ತಿರ ಹತ್ತಿರ ಎರಡು ಕ್ವಿಂಟಲ್ ಭಾರ. ಎಲುಬು ಸರಿಯಿದ್ದರೆ ಇದೇನೂ ದೊಡ್ಡದಲ್ಲ, ಕೋಟ್ಯಂತರ ಹೆಂಗಸರು ತಲೆಯ ಮೇಲೆ ಕೊಡ ಹೊತ್ತುಕೊಂಡೇ ಇದನ್ನು ನಿಭಾಯಿಸಿದ್ದಾರೆ. ಎಲುಬಿನ ಒಳಗಿನ ಜಾಲ ಸಡಿಲಾಗಿದ್ದಾಗ ಮಾತ್ರ ಲೆಕ್ಕ ತಪ್ಪುತ್ತದೆ.

1959ರಲ್ಲಿ ಅಮೆರಿಕದ ಮೂಳೆವೈದ್ಯರಾದ ಕರ್ಟಿಸ್ ಮತ್ತು ಕಿನ್ಕೇಡ್ ಮೂವರು ಬಸುರಿಯರ ಬಗ್ಗೆ ಬರೆದರು. ಮೂವರಿಗೂ ಕೊನೆಯ ತಿಂಗಳುಗಳಲ್ಲಿ ಸೊಂಟದ ಕೀಲಿನ ನೋವು. ಎಕ್ಸ್-ರೇಯಲ್ಲಿ ತೊಡೆಯೆಲುಬಿನ ಗುಂಡು ಮಸುಕಾಗಿ, ಅಳಿಸಿಹೋದಂತೆ ಕಾಣುತ್ತಿತ್ತು. ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದು ತಾನಾಗಿ ಮತ್ತೆ ತುಂಬಿಕೊಂಡಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1955ರಲ್ಲಿ, ಬ್ರಿಟನ್ನಿನ ನಾರ್ಡಿನ್ ಮತ್ತು ರೋಪರ್ ಇನ್ನೊಂದು ಬಗೆಯನ್ನು ವಿವರಿಸಿದ್ದರು: ಹೆತ್ತ ಮೇಲೆ ಬೆನ್ನಿನ ಮಣಿಗಳು ಕುಸಿದು ಎತ್ತರವೇ ಕಡಿಮೆಯಾದ ತಾಯಂದಿರು. ಬಹುಕಾಲ ಇವೆರಡನ್ನೂ "ಬಸಿರಿನ ಮೂಳೆ ಸವೆತ" ಎಂಬ ಒಂದೇ ಹೆಸರಿನಡಿ ಸೇರಿಸಲಾಗಿತ್ತು. ಈಗ ಬಿಡಿಸಿ ನೋಡುತ್ತಾರೆ. ಸೊಂಟದ ಕಾಯಿಲೆ ಒಂದು ಕೀಲಿಗೆ, ಕೆಲವೊಮ್ಮೆ ಎರಡಕ್ಕೂ, ಸೀಮಿತವಾದದ್ದು. ಅಲ್ಲಿ ಎಲುಬಿನ ಮಜ್ಜೆಯಲ್ಲಿ ನೀರು ತುಂಬಿ ಬಾವು ಬಂದಿರುತ್ತದೆ, ಬೆನ್ನೆಲುಬು ಚೆನ್ನಾಗಿಯೇ ಇರಬಹುದು. ಇದೇ ಕಾಯಿಲೆ ನಡುವಯಸ್ಸಿನ ಗಂಡಸರಿಗೂ ಬರುತ್ತದೆ ಎಂಬುದನ್ನು ನೋಡಿದರೆ ಬಸಿರೊಂದೇ ಕಾರಣವಲ್ಲ ಎಂದು ಗೊತ್ತಾಗುತ್ತದೆ. ಬೆನ್ನಿನದು ಇಡೀ ಅಸ್ಥಿಪಂಜರದ ಬಡತನ. ಅದು ಹೆಚ್ಚಾಗಿ ಹಾಲೂಡಿಸುವ ಮೊದಲ ತಿಂಗಳುಗಳಲ್ಲಿ, ಕೂಸನ್ನು ಎತ್ತಿಕೊಳ್ಳಲು ಬಾಗಿದಾಗ, ಬೆನ್ನಲ್ಲಿ ಚಳಕು ಹೊಡೆದಂತೆ ತೋರಿಕೊಳ್ಳುತ್ತದೆ. ಇದು ಹತ್ತು ಲಕ್ಷ ಬಸುರಿಯರಲ್ಲಿ ನಾಲ್ಕರಿಂದ ಎಂಟು ಮಂದಿಗೆ ಬರುತ್ತದೆ ಎಂದು ಪಾಶ್ಚಾತ್ಯ ವೈದ್ಯಗ್ರಂಥಗಳು ಅಂದಾಜಿಸುತ್ತವೆ. ಬಾಣಂತಿಯ ಬೆನ್ನುನೋವಿಗೆ ಎಕ್ಸ್-ರೇ ತೆಗೆಸುವ ವಾಡಿಕೆಯೇ ಇಲ್ಲದ ಕಡೆ ಆ ಅಂಕಿಯನ್ನು ನಂಬಿ ನೆಮ್ಮದಿಯಿಂದ ಇರುವುದು ನನಗೆ ಸಾಧ್ಯವಿಲ್ಲ.

ಕೂಸು ತಾಯಿಯ ಎಲುಬನ್ನು ತಿಂದುಹಾಕುತ್ತದೆಯೇ? ಬಹಳ ಮಂದಿ ಹಾಗೆ ನಂಬಿದ್ದಾರೆ. ದೇಹದ ಏರ್ಪಾಡು ಅದಕ್ಕಿಂತ ಜಾಣತನದ್ದು. ಹುಟ್ಟುವ ಹೊತ್ತಿಗೆ ಕೂಸಿನ ಎಲುಬುಗಳಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊನೆಯ ಮೂರು ತಿಂಗಳಲ್ಲಿ ಸೇರಿದ್ದು. ತಾಯಿಯ ಎಲುಬುಗಳಲ್ಲಿ ಇರುವುದು ಸುಮಾರು ಒಂದು ಕಿಲೋ. ಆ 30 ಗ್ರಾಮಿಗಾಗಿ ದೇಹ ಮೊದಲು ಕೈಹಾಕುವುದು ಎಲುಬಿಗಲ್ಲ, ಊಟಕ್ಕೆ. ಬಸಿರು ನಿಂತ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಸಕ್ರಿಯ ಡಿ ವಿಟಮಿನ್ ಎರಡು ಮೂರು ಪಟ್ಟು ಏರುತ್ತದೆ, ಕರುಳು ಅದೇ ಊಟದಿಂದ ಎರಡರಷ್ಟು ಕ್ಯಾಲ್ಸಿಯಂ ಹೀರತೊಡಗುತ್ತದೆ. ಊಟದಲ್ಲೇ ಇಲ್ಲದಿದ್ದರೆ ಮಾತ್ರ ಎಲುಬಿನ ಸರದಿ. ಬರ ಬಂದ ವರ್ಷ ಹಗೇವಿನ ಬಾಯಿ ತೆಗೆದು ಹಳೆಯ ಜೋಳ ಎತ್ತಿಕೊಂಡ ಹಾಗೆ. ಹಗೇವು ತುಂಬಿದ್ದವರಿಗೆ ಒಂದು ಬರ ಏನೂ ಮಾಡುವುದಿಲ್ಲ.

ಎದೆಹಾಲಿನ ಕಾಲದಲ್ಲಿ ವ್ಯವಸ್ಥೆಯೇ ಬದಲು. ಹಾಲಿನ ಮೂಲಕ ದಿನಕ್ಕೆ 200ರಿಂದ 400 ಮಿಲಿಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಆಗ ಎದೆಯ ಗ್ರಂಥಿಗಳೇ ಒಂದು ಹಾರ್ಮೋನು ತಯಾರಿಸಿ ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸುತ್ತವೆ. ಈಸ್ಟ್ರೋಜೆನ್ ಇಳಿದಿರುವುದು ಅದಕ್ಕೆ ಅನುಕೂಲ. ಆರು ತಿಂಗಳು ಬರೀ ಎದೆಹಾಲು ಕುಡಿಸಿದ ತಾಯಿಯ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಯುತ್ತದೆ. ಕ್ಯಾಲ್ಸಿಯಂ ಗುಳಿಗೆ ಎಷ್ಟು ನುಂಗಿದರೂ ಈ ಇಳಿತ ನಿಲ್ಲುವುದಿಲ್ಲ. ಕೇಳಿ ಗಾಬರಿಯಾಗಬೇಕಿಲ್ಲ: ಹಾಲು ಬಿಡಿಸಿದ ಆರರಿಂದ ಹನ್ನೆರಡು ತಿಂಗಳಲ್ಲಿ ಅದು ಮತ್ತೆ ತುಂಬುತ್ತದೆ. ಮಕ್ಕಳಿಗೆ ಹಾಲೂಡಿಸಿದ ಹೆಂಗಸರಿಗೆ ಮುಪ್ಪಿನಲ್ಲಿ ಮೂಳೆ ಮುರಿತ ಹೆಚ್ಚೇನೂ ಅಲ್ಲ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಎಲುಬು ಹೋಗುತ್ತದೆಂಬ ಭಯಕ್ಕೆ ಯಾವ ಆರೋಗ್ಯವಂತ ತಾಯಿಯೂ ಎದೆಹಾಲು ನಿಲ್ಲಿಸಬಾರದು.

ಹಾಗಾದರೆ ಯಾರ ಎಲುಬು ಮುರಿಯುತ್ತದೆ? ಬಸಿರಿಗೆ ಮೊದಲೇ ತೆಳುವಾಗಿದ್ದವರದು. ಕೆಲವರಿಗೆ ಎಲುಬು ಕಟ್ಟುವ ವಂಶವಾಹಿಗಳಲ್ಲೇ ಸಣ್ಣ ದೋಷ ಇರುತ್ತದೆ, ತಾಯಿಗೋ ಅಜ್ಜಿಗೋ ಹೀಗೆಯೇ ಆಗಿರುತ್ತದೆ. ಕೆಲವರು ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡಿರುತ್ತಾರೆ, ಇಲ್ಲವೇ ರಕ್ತ ಹೆಪ್ಪುಗಟ್ಟದಂತೆ ತಿಂಗಳುಗಟ್ಟಲೆ ಹೆಪಾರಿನ್ ಚುಚ್ಚಿಸಿಕೊಂಡಿರುತ್ತಾರೆ. ಕರ್ನಾಟಕದಲ್ಲಿ ವಂಶದಲ್ಲಿ ಹರಿದುಬರುವ ಸೊಂಟದ ಕಾಯಿಲೆ ಎಂದೊಡನೆ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗುತ್ತದೆ. ಆದರೆ ಅದು ಕೀಲುಗಳ ಬೆಳವಣಿಗೆಯ ದೋಷ, ಬಸಿರಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ: ಮೆದುಮೂಳೆ ರೋಗ, ಆಸ್ಟಿಯೋಮಲೇಶಿಯ. ಮೂಳೆ ಸವೆತದಲ್ಲಿ ಎಲುಬಿನ ಪ್ರಮಾಣವೇ ಕಡಿಮೆ. ಇದರಲ್ಲಿ ಎಲುಬಿನ ಹಂದರ ಇದ್ದೂ ಅದಕ್ಕೆ ಸುಣ್ಣದ ಅಂಶ ಹಿಡಿದಿರುವುದಿಲ್ಲ. ಕಾಶ್ಮೀರದಲ್ಲಿ ಕೆಲಸ ಮಾಡಿದ ವೈದ್ಯೆ ಕ್ಯಾಥ್ಲೀನ್ ವಾನ್ 1928ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪರದೆಯ ಹಿಂದೆ ಬಿಸಿಲು ಕಾಣದೆ ಬದುಕಿದ ಹೆಂಗಸರ ಚಪ್ಪಿ ಎಲುಬು ಬಾಗಿ, ಹೆರಿಗೆಯೇ ಅಸಾಧ್ಯವಾಗುತ್ತಿದ್ದುದನ್ನು ವಿವರಿಸಿದ್ದಾರೆ. ಈ ರೋಗದಲ್ಲಿ ತೊಡೆಯೆಲುಬಿನ ಕತ್ತಿನ ಒಳಬದಿಗೆ ಸೀಳಿನಂಥ ಗೆರೆ ಮೂಡುತ್ತದೆ. ಅದು ಅರ್ಧ ಮುರಿತ. ಮೇಲೆ ಬಸಿರಿನ ಭಾರ ಬಿದ್ದರೆ ಪೂರ್ತಿಯಾಗುತ್ತದೆ.

ವಿಜಯಪುರದ ಬಿಸಿಲಿನ ಊರಲ್ಲಿ ಡಿ ವಿಟಮಿನ್ನಿಗೆ ಬರವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಲಖನೌದ ಬಸುರಿಯರ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 84 ಮಂದಿಗೆ ಈ ವಿಟಮಿನ್ ಸಾಕಷ್ಟಿರಲಿಲ್ಲ, ಹಳ್ಳಿಯವರೂ ಅದರಲ್ಲಿದ್ದರು. ತಿರುಪತಿಯ ಸುತ್ತ ವೈದ್ಯ ಹರಿನಾರಾಯಣ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳೂ ಬಿಸಿಲಿನ ನಾಡಿನಲ್ಲಿ ಇದೇ ಕೊರತೆಯನ್ನು ಕಂಡವು, ಜೊತೆಗೆ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ, ಅದನ್ನು ಕಟ್ಟಿಹಾಕುವ ಫೈಟೇಟ್ ಹೆಚ್ಚು ಎಂಬುದನ್ನೂ ಗುರುತಿಸಿದವು. ಚರ್ಮಕ್ಕೆ ಬೇಕಾದ ಕಿರಣಗಳು ಸಿಗುವುದು ನಡುಹಗಲಿನ ಹೊತ್ತಿನಲ್ಲಿ. ಆ ಹೊತ್ತಿಗೆ ತಲೆತುಂಬ ಸೆರಗು, ಮೈತುಂಬ ಬಟ್ಟೆ. ದ್ರಾಕ್ಷಿ ಪಡಕದಲ್ಲಿ ದುಡಿಯುವವರು ಬಳ್ಳಿಯ ನೆರಳಲ್ಲಿ, ಮಣೂಕ ಆರಿಸುವವರು ಶೆಡ್ಡಿನ ಒಳಗೆ.

ಇನ್ನು ಊಟ. "ಡೋಣಿ ಹರಿದರ ಓಣೆಲ್ಲ ಜೋಳ" ಎಂದು ಡೋಣಿ ಹೊಳೆಯ ಬಗ್ಗೆ ಹೇಳುವ ಸೀಮೆ ಇದು. ಬಿಳಿಜೋಳದ ರೊಟ್ಟಿಯ ರುಚಿ, ಬಲ ಎರಡಕ್ಕೂ ನಾನು ಸಾಕ್ಷಿ ಹೇಳಬಲ್ಲೆ. ಆದರೆ ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಮೂವತ್ತು ಮಿಲಿಗ್ರಾಂ ಕೂಡ ಇಲ್ಲ. ಮೈಸೂರು ಸೀಮೆಯ ರಾಗಿಯಲ್ಲಿ ಮುನ್ನೂರೈವತ್ತರ ಆಸುಪಾಸು. ದಿನವಿಡೀ ರೊಟ್ಟಿ ತಿಂದರೂ ಒಂದು ಲೋಟ ಹಾಲಿನ ಅರ್ಧದಷ್ಟು ಕ್ಯಾಲ್ಸಿಯಂ ಸಿಗುವುದು ಕಷ್ಟ. ಬಸುರಿಗೆ ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ, ಬಾಣಂತಿಗೆ 1,200. ಈ ಕೊರತೆಯನ್ನು ತುಂಬುವ ಪದಾರ್ಥ ಇಲ್ಲಿನ ಅಡುಗೆಮನೆಯಲ್ಲೇ ಇದೆ. ಎಳ್ಳಿನಲ್ಲಿ ನೂರು ಗ್ರಾಮಿಗೆ ಸಾವಿರಕ್ಕೂ ಹೆಚ್ಚು ಮಿಲಿಗ್ರಾಂ, ಗುರೆಳ್ಳಿನಲ್ಲಿ ಮುನ್ನೂರರಷ್ಟು. ನುಗ್ಗಿ ತಪ್ಪಲ, ರಾಜಗಿರಿ, ಗಟ್ಟಿ ಮೊಸರು, ಬಾಣಂತಿಗೆ ಕೊಡುವ ಅಳ್ವಿ ಪಾಯಸ. ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ವರ್ಷಕ್ಕೊಮ್ಮೆಯ ಹಬ್ಬವಾಗದೆ ಬಸುರಿಯ ದಿನದ ಊಟವಾಗಬೇಕು ಎಂಬುದು ನನ್ನ ಬಲವಾದ ಆಸೆ. ಗುರೆಳ್ಳು ಹಿಂಡಿಯನ್ನು ರೊಟ್ಟಿಯ ಅಂಚಿಗೆ ಹಚ್ಚಿಕೊಳ್ಳುವ ಬದಲು ಕೈತುಂಬ ಹಾಕಿಕೊಂಡರೆ ಸಾಕು. ಮನೆಯಲ್ಲಿ ಎಮ್ಮೆ ಇದ್ದೂ ಹಾಲೆಲ್ಲ ಡೇರಿಗೆ ಹೋಗಿ, ಬಸುರಿಯ ಪಾಲಿಗೆ ತಿಳಿ ಮಜ್ಜಿಗೆ ಉಳಿಯುವ ಮನೆಗಳು ಕಡಿಮೆಯೇನಿಲ್ಲ.

ಕುಡಿಯುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿಜಯಪುರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಫ್ಲೋರೈಡ್ ಎಲುಬನ್ನು ಎಕ್ಸ್-ರೇಯಲ್ಲಿ ದಟ್ಟವಾಗಿ ಕಾಣಿಸಿದರೂ ಅದು ಗಟ್ಟಿಯಾದ ಎಲುಬಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಹಾನಿ ಇನ್ನೂ ಹೆಚ್ಚು. 1973ರಲ್ಲಿ ಹೈದರಾಬಾದಿನ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಆಂಧ್ರದ ಫ್ಲೋರೈಡ್ ಹಳ್ಳಿಗಳಲ್ಲಿ, ಮುಖ್ಯವಾಗಿ ಜೋಳ ಉಣ್ಣುವವರಲ್ಲಿ, ಮೊಣಕಾಲು ಒಳಬಾಗಿ ಕಾಲಿನ ಎಲುಬು ಸವೆದಿರುವುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಅದು ಎಳೆಯರ ಕಾಯಿಲೆ. ಆದರೂ ಜೋಳ ಮತ್ತು ಫ್ಲೋರೈಡ್ ಎರಡೂ ಇರುವ ಜಿಲ್ಲೆಯ ವೈದ್ಯರು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂದದ್ದರಿಂದ ಹೊಲ ಹಸಿರಾಗಿದೆ. ಬಸುರಿಯ ಕೊಡಕ್ಕೂ ಶುದ್ಧ ಮಾಡಿದ ನದಿ ನೀರೇ ಬಂದರೆ ಅದು ಎಲುಬಿಗೂ ಲಾಭ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ವಯಸ್ಸು. ಹೆಣ್ಣುಮಕ್ಕಳ ಎಲುಬಿನ ದಾಸ್ತಾನಿನ ನೂರಕ್ಕೆ ತೊಂಬತ್ತರಷ್ಟು ಹದಿನೆಂಟರ ಹೊತ್ತಿಗೆ ಕೂಡಿಬರುತ್ತದೆ, ಅದರಲ್ಲೂ ಮೈನೆರೆಯುವ ಆಸುಪಾಸಿನ ನಾಲ್ಕೈದು ವರ್ಷ ಬಹಳ ಮುಖ್ಯ. ರಾಜ್ಯದಲ್ಲಿ ಬಾಲ್ಯವಿವಾಹ ಹೆಚ್ಚಿರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಹದಿನಾರರಲ್ಲಿ ಮದುವೆ, ಹದಿನೇಳರಲ್ಲಿ ಬಸಿರು ಎಂದರೆ ತುಂಬುತ್ತಿರುವ ಹಗೇವಿಗೆ ಆಗಲೇ ಕೈಹಾಕಿದಂತೆ. ಆ ಹುಡುಗಿಯ ಎಲುಬೇ ಇನ್ನೂ ಬೆಳೆಯುತ್ತಿದೆ. ಎರಡು ವರ್ಷ ತುಂಬುವುದರೊಳಗೆ ಮತ್ತೊಂದು ಬಸಿರಾದರೆ, ಮೊದಲನೆಯದರ ಹಾಲಿಗೆ ಇಳಿದದ್ದು ಮತ್ತೆ ತುಂಬಿಕೊಳ್ಳಲು ಸಮಯವೇ ಇರುವುದಿಲ್ಲ. ಮದುವೆಯನ್ನು ಮುಂದಕ್ಕೆ ಹಾಕುವುದು, ಮಕ್ಕಳ ನಡುವೆ ಅಂತರ ಇಡುವುದು ಎಲುಬಿಗೂ ಔಷಧ.

ಸರ್ಕಾರದ ಗುಳಿಗೆಗಳು ಇವೆ. 14ನೆಯ ವಾರದಿಂದ ಹೆರಿಗೆಯವರೆಗೆ, ಆಮೇಲೆ ಆರು ತಿಂಗಳು, ದಿನಕ್ಕೆ ಎರಡು ಕ್ಯಾಲ್ಸಿಯಂ ಗುಳಿಗೆ ಎಂದು 2014ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಒಂದೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಡಿ ವಿಟಮಿನ್. ಇದರ ಮುಖ್ಯ ಗುರಿ ಬಸಿರಿನ ರಕ್ತದೊತ್ತಡ ತಡೆಯುವುದು. ಎಷ್ಟು ಕ್ಯಾಲ್ಸಿಯಂ ಸಾಕು ಎಂಬ ಪ್ರಶ್ನೆಗೆ ಒಂದು ದೊಡ್ಡ ಉತ್ತರ ಬಂದದ್ದು ಬೆಂಗಳೂರಿನಿಂದ: ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲು ಬಸುರಿಯರಲ್ಲಿ 500 ಮತ್ತು 1,500 ಮಿಲಿಗ್ರಾಂ ಹೋಲಿಸಿದರು. 2024ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ ರಕ್ತದೊತ್ತಡದ ಕಾಯಿಲೆ ತಡೆಯುವುದರಲ್ಲಿ ಕಡಿಮೆ ಪ್ರಮಾಣವೂ ಹಿಂದೆ ಬೀಳಲಿಲ್ಲ. ದೊಡ್ಡ ಗುಳಿಗೆ ನುಂಗಲಾಗದೆ ಪೂರ್ತಿ ಬಿಟ್ಟುಬಿಡುವವರಿಗೆ ಇದು ಸಮಾಧಾನದ ಸುದ್ದಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಯನ್ನು ಒಟ್ಟಿಗೆ ನುಂಗಬಾರದು, ನಡುವೆ ಎರಡು ತಾಸು ಬಿಡಬೇಕು. 2017ರ ಗಾಂಧಿ ಜಯಂತಿಯಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜೊತೆ ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಸಿಗುತ್ತದೆ. ತೋಟದಲ್ಲಿ ಮನೆ ಮಾಡಿಕೊಂಡಿರುವ ಬಸುರಿ ಊರೊಳಗಿನ ಅಂಗನವಾಡಿಗೆ ದಿನಾ ನಡೆದು ಹೋಗುವುದು ಸುಲಭವಲ್ಲ ಎಂಬುದೂ ನಿಜ.

ಈಗ ಕುಂಟುವ ಬಸುರಿಯ ಬಳಿಗೆ ಬರೋಣ. ಅವಳನ್ನು ಹತ್ತು ಹೆಜ್ಜೆ ನಡೆಸಿ ನೋಡುವುದಕ್ಕೆ ಯಂತ್ರ ಬೇಕಿಲ್ಲ, ಆಶಾ ಕಾರ್ಯಕರ್ತೆಗೂ ಸಾಧ್ಯ. ಮಲಗಿಸಿ ತೊಡೆಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದಾಗ ತೊಡೆಸಂದಿನಲ್ಲಿ ನೋವು ಬಂದರೆ ಅದು ನಡದ ನೋವಲ್ಲ, ಕೀಲಿನದು ಎಂದು ತಿಳಿಯಬೇಕು. ಅಂದಿನಿಂದಲೇ ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸಬೇಕು. ಪರೀಕ್ಷೆಯಾಗುವವರೆಗೂ ಕಾಯಬಾರದು. ಎಕ್ಸ್-ರೇ ಮೊದಲ ಕೆಲವು ವಾರ ಸುಳ್ಳು ಧೈರ್ಯ ಕೊಡಬಹುದು, ಯಾಕೆಂದರೆ ಎಲುಬಿನ ಮೂರನೆಯ ಒಂದು ಭಾಗದಷ್ಟು ಖನಿಜ ಹೋಗುವ ತನಕ ಅದರಲ್ಲಿ ಏನೂ ಕಾಣುವುದಿಲ್ಲ. ಎಂಆರ್‌ಐ ಒಂದೆರಡು ದಿನದಲ್ಲೇ ಮಜ್ಜೆಯ ಬಾವನ್ನು ತೋರಿಸುತ್ತದೆ. ಅದರಲ್ಲಿ ಕ್ಷಕಿರಣ ಇಲ್ಲ, ಬಣ್ಣದ ಮದ್ದು ಚುಚ್ಚಬೇಕಾದ್ದೂ ಇಲ್ಲ, ಬಸಿರಿನಲ್ಲಿ ಮಾಡಿಸಬಹುದು. ವಿಜಯಪುರದ ವೈದ್ಯಕೀಯ ಕಾಲೇಜುಗಳ ತನಕ ಹೋದರೆ ಮೂಳೆತಜ್ಞರು, ಹೆರಿಗೆ ತಜ್ಞರು ಒಂದೇ ಕಡೆ ಸಿಗುತ್ತಾರೆ.

"ಬಸುರಿಗೆ ಎಕ್ಸ್-ರೇ ತಗಸಬಾರದು" ಎಂಬ ಹೆದರಿಕೆ ಈ ಕಾಯಿಲೆಯಲ್ಲಿ ದೊಡ್ಡ ಅಡ್ಡಿ. 50 ಮಿಲಿಗ್ರೇಗಿಂತ ಕಡಿಮೆ ವಿಕಿರಣದಿಂದ ಕೂಸಿಗೆ ಊನವಾಗುತ್ತದೆಂಬುದಕ್ಕೆ ಆಧಾರವಿಲ್ಲ, ಸೊಂಟದ ಒಂದು ಎಕ್ಸ್-ರೇಯಲ್ಲಿ ಕೂಸಿಗೆ ತಲುಪುವುದು ಕೆಲವೇ ಮಿಲಿಗ್ರೇ. ಮುರಿತದ ಶಂಕೆ ಇದ್ದಾಗ ಬೇಡವೆಂದು ಕೂತರೆ ಹಾನಿ ತಾಯಿಗೆ. ತೊಡೆಯೆಲುಬಿನ ಗುಂಡಿಗೆ ರಕ್ತ ಹೋಗುವ ಸಣ್ಣ ನಾಳಗಳು ಆ ಕತ್ತಿನ ಮೇಲೆಯೇ ಹರಿಯುತ್ತವೆ. ಮುರಿದ ತುಂಡು ಜಾರಿದರೆ ಅವು ಹರಿದು ಗುಂಡು ಸಾಯುತ್ತದೆ. ಮುದುಕರಿಗಾದರೆ ಕೃತಕ ಕೀಲು ಹಾಕಿ ಮುಗಿಸಬಹುದು. ಇಪ್ಪತ್ತೈದರವಳಿಗೆ ಅವಳದೇ ಎಲುಬನ್ನು ಉಳಿಸಬೇಕು, ಅದಕ್ಕೆ ಆದಷ್ಟು ಬೇಗ ಜೋಡಿಸಿ ಸ್ಕ್ರೂ ಹಾಕುವುದು ಅಗತ್ಯ. ಬಸಿರಿನಲ್ಲೂ ಅರಿವಳಿಕೆ ಕೊಟ್ಟು ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಮುರಿಯುವ ಮೊದಲೇ ಗುರುತಿಸಿದರೆ ಚಿಕಿತ್ಸೆ ಸರಳ: ಕಂಕುಳ ಕೋಲು, ವಿಶ್ರಾಂತಿ, ಕ್ಯಾಲ್ಸಿಯಂ, ಡಿ ವಿಟಮಿನ್, ತಾಳ್ಮೆ. ಕೆಲವು ತಿಂಗಳಲ್ಲಿ, ತಡವಾದರೆ ವರ್ಷದೊಳಗೆ, ಕೀಲು ತಾನಾಗಿ ಸರಿಹೋಗುತ್ತದೆ. ಈ ವಿಶ್ರಾಂತಿ ಚೀಟಿಯಲ್ಲಿ ಬರೆದಷ್ಟು ಸುಲಭವಲ್ಲ ಎಂದು ನನಗೆ ಗೊತ್ತು. ನೀರು ತರುವವರು, ದನ ನೋಡುವವರು, ಕೂಲಿಗೆ ಹೋಗುವವರು ಮನೆಯಲ್ಲಿ ಬೇರೆ ಯಾರು ಎಂದು ಗಂಡ, ಅತ್ತೆ ಕೂತು ಮಾತಾಡಿಕೊಂಡರೆ ಮಾತ್ರ ಅದು ಆಗುವ ಮಾತು. ಬೆನ್ನಿನ ಮಣಿ ಕುಸಿದವರ ವಿಷಯ ಬೇರೆ. ಅಂಥವರಲ್ಲಿ ಎದೆಹಾಲು ಮುಂದುವರಿಸುವ ಬಗ್ಗೆ ತಜ್ಞರೊಡನೆ ಕೂತು ನಿರ್ಧರಿಸಬೇಕಾಗುತ್ತದೆ. ಎಲುಬು ಕಟ್ಟುವ ಟೆರಿಪ್ಯಾರಟೈಡ್ ಚುಚ್ಚುಮದ್ದನ್ನು ಹಾಲು ಬಿಡಿಸಿದ ಮೇಲೆ ಕೆಲವರಿಗೆ ಕೊಡುತ್ತಾರೆ. ಮುದುಕಿಯರಿಗೆ ಕೊಡುವ ಬಿಸ್‌ಫಾಸ್ಫೊನೇಟ್ ಮಾತ್ರೆಗಳು ಎಲುಬಿನಲ್ಲಿ ವರ್ಷಗಟ್ಟಲೆ ಕೂತಿರುವುದರಿಂದ, ಇನ್ನೂ ಮಕ್ಕಳಾಗಬೇಕಾದವರಿಗೆ ಬರೆಯುವಾಗ ವೈದ್ಯರು ಎರಡು ಬಾರಿ ಯೋಚಿಸುತ್ತಾರೆ.

ಒಮ್ಮೆ ಸೊಂಟದ ಈ ಕಾಯಿಲೆ ಬಂದವರಿಗೆ ಮುಂದಿನ ಬಸಿರಿನಲ್ಲಿ ಅದೇ ಕೀಲಿಗೋ ಇನ್ನೊಂದಕ್ಕೋ ಮತ್ತೆ ಬರುವುದುಂಟು. ಅದಕ್ಕಾಗಿ ಎಂಆರ್‌ಐ ವರದಿ ಮತ್ತು ಆಸ್ಪತ್ರೆಯ ಚೀಟಿಯನ್ನು ತಾಯಿ ಕಾರ್ಡಿನೊಳಗೆ ಇಟ್ಟುಕೊಂಡು, ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಬಸುರಿಯರ ತಪಾಸಣೆಗೆ ಹೋದಾಗ ಮೊದಲ ಭೇಟಿಯಲ್ಲೇ ವೈದ್ಯರ ಮುಂದೆ ಇಡಬೇಕು.